ಚಿತ್ತರಂಜನ ಮಹಲಿನ ಮೂರನೆಯ ಬದುಕು

ಬೆಂಗಳೂರಿನ ರಾಜಗೋಪಾಲನಗರದ ಅಡ್ಡರಸ್ತೆಗಳಲ್ಲಿ ಒಂದು ಶೆಡ್ಡಿಗೂ ಇನ್ನೊಂದು ಶೆಡ್ಡಿಗೂ ನಡುವೆ ಗೋಡೆಯಷ್ಟೇ ಅಂತರ. ಒಂದರಲ್ಲಿ ಲೇತು, ಪಕ್ಕದಲ್ಲಿ ಪವರ್ ಪ್ರೆಸ್ಸು, ಅದರಾಚೆ ಬಫಿಂಗು. ಪೀಣ್ಯದ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವುದು ಇಲ್ಲಿಯ ಹಳೆಯ ಕಸುಬು. ಅದರ ನಡುವೆಯೇ ಈಚೆಗೆ ಹೋಟೆಲು, ಕೆಫೆ, ರೆಸಾರ್ಟುಗಳ ಒಳಾಂಗಣದ ಕೆಲಸವೂ ಕಣ್ಣಿಗೆ ಬೀಳುತ್ತಿದೆ. ನಮ್ಮ ಅಜ್ಜಂದಿರ ಕಾಲದ ಕ್ಲಬ್ಬುಗಳಲ್ಲಿದ್ದಂಥ ಕುರ್ಚಿ, ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ತೂಗುತ್ತಿದ್ದಂಥ ದೀಪದ ಶೇಡು, ಅಂಗಡಿ ಮುಂದಿನ ತಗಡಿನ ಬೋರ್ಡು ಎಲ್ಲವೂ ಹೊಸ ಕಬ್ಬಿಣದಲ್ಲಿ ಹಳೆಯ ರೂಪ ತಾಳಿ ಹೊರಬರುತ್ತವೆ.

ಇಂಥ ಕುರ್ಚಿಯೊಂದು ತಯಾರಾಗುವುದನ್ನು ನಿಂತು ನೋಡಬೇಕು. ಪೈಪನ್ನು ಬಗ್ಗಿಸಿ, ವೆಲ್ಡ್ ಮಾಡಿ, ಬೆಸುಗೆಯ ಗಂಟನ್ನು ಗ್ರೈಂಡರಿನಲ್ಲಿ ಉಜ್ಜಿ ನಯ ಮಾಡುತ್ತಾರೆ. ಆಮೇಲೆ ಏಳು ತೊಟ್ಟಿಗಳ ಸ್ನಾನ. ಜಿಡ್ಡು ಬಿಡಿಸಲು ಒಂದು, ತುಕ್ಕು ತೆಗೆಯಲು ಒಂದು, ಫಾಸ್ಫೇಟ್ ಕೂರಿಸಲು ಒಂದು, ಕಡೆಗೆ ಪ್ಯಾಸಿವೇಷನ್ನಿಗೆ ಒಂದು. ಉಳಿದವು ನಡುನಡುವೆ ನೀರಿನಲ್ಲಿ ತೊಳೆಯುವ ತೊಟ್ಟಿಗಳು. ಒಣಗಿದ ಕುರ್ಚಿಯನ್ನು ಕೊಕ್ಕೆಗೆ ತೂಗುಹಾಕಿ, ಗನ್ನಿನಿಂದ ಬಣ್ಣದ ಪುಡಿ ಊದುತ್ತಾರೆ. ಪುಡಿಯ ಕಣಕ್ಕೆ ವಿದ್ಯುತ್ತಿನ ಚಾರ್ಜು, ಕುರ್ಚಿಗೆ ಅರ್ತಿಂಗು. ಹಾಗಾಗಿ ಗನ್ನಿಗೆ ಕಾಣದ ಹಿಂಬದಿಗೂ ಪುಡಿ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಇನ್ನೂರು ಡಿಗ್ರಿಯ ಆಸುಪಾಸಿನ ಓವನ್ನಿನಲ್ಲಿ ಬೆಂದು ಹೊರಬಂದಾಗ ಅದಕ್ಕೆ 1950ರ ಇಸವಿಯ ಮುಖ ಬಂದಿರುತ್ತದೆ. ಈ ಕೈಗಳ ಮೇಲೆ ನನಗೆ ತುಂಬ ಗೌರವ. ಗೋವಾದಿಂದ ಪುದುಚೇರಿಯವರೆಗೆ ಕಡಲ ದಂಡೆಯ ಹೋಟೆಲುಗಳಲ್ಲಿ ಹಳೆಯ ಕಾಲದ ಕಳೆಯನ್ನು ಮೆಚ್ಚಿ ಫೋಟೊ ತೆಗೆಸಿಕೊಳ್ಳುವವರು ಅದನ್ನು ಮಾಡಿದ ಕೈಗಳನ್ನೂ ಒಮ್ಮೆ ನೆನೆಯಲಿ ಎಂದು ನನ್ನ ಆಸೆ.

ಆದರೆ ಬಣ್ಣವನ್ನು ಓವನ್ನಿನಲ್ಲಿ ಬೇಯಿಸಬಹುದು, ವಯಸ್ಸನ್ನು ಬೇಯಿಸಲಾಗುವುದಿಲ್ಲ. ವಯಸ್ಸು ತಾನಾಗಿಯೇ ಬಂದು ಕೂತಿರುವ, ಕಲೆಯೂ ಕತೆಯೂ ತುಂಬಿರುವ ತಂಗುಮನೆಯೊಂದು ನಮಗೆ ಹತ್ತಿರದಲ್ಲೇ ಇದೆ. ಅಲ್ಲಿ ಸಮುದ್ರವಿಲ್ಲ, ಹುಲ್ಲುಹಾಸು, ಮರ, ಉದ್ದನೆಯ ಜಗಲಿ ಇವೆ. ಮೈಸೂರಿನ ಜಯಲಕ್ಷ್ಮೀಪುರದ ವಿನೋಬಾ ರಸ್ತೆಯಲ್ಲಿರುವ ಗ್ರೀನ್ ಹೋಟೆಲ್ ಅದು. ಹಳೆಯ ಮೈಸೂರಿಗರ ಬಾಯಲ್ಲಿ ಅದು ಚಿತ್ತರಂಜನ ಮಹಲು.

ಮೈಸೂರಿನ ರಾಜಕುಮಾರಿಯರಿಗೆಂದು 1920ರ ದಶಕದಲ್ಲಿ ಕಟ್ಟಿಸಿದ ಮನೆ ಇದು. ಅರಮನೆ ಎಂದ ಕೂಡಲೇ ಮೈಸೂರಿನ ದೊಡ್ಡ ಅರಮನೆ ಅಂಬಾವಿಲಾಸದ ಗೋಪುರ, ಕಮಾನುಗಳನ್ನು ಊಹಿಸಿಕೊಂಡು ಹೋದರೆ ಇದು ಬೇರೆಯೇ ಆಗಿ ಕಾಣುತ್ತದೆ. ಇದು ದರ್ಬಾರು ನಡೆಸಲು ಕಟ್ಟಿದ್ದಲ್ಲ, ಬಾಳಲು ಕಟ್ಟಿದ್ದು. ತೋಟದ ನಡುವೆ, ಗಾಳಿ ಬೆಳಕಿಗೆ ಮೈಯೊಡ್ಡಿ ನಿಂತ ಮನೆ.

ಅದರ ಬೆಲೆ ತಿಳಿಯಬೇಕಾದರೆ ಮೈಸೂರಿನ ಉಳಿದ ಮಹಲುಗಳಿಗೆ ಏನಾಯಿತು ಎಂಬುದನ್ನೂ ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಹಿರಿಯ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗೆಂದು 1905ರಲ್ಲಿ ಎದ್ದ ಜಯಲಕ್ಷ್ಮೀವಿಲಾಸ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂತು. ಕುವೆಂಪು ಕುಲಪತಿಗಳಾಗಿದ್ದಾಗ ಹೆಸರಿಟ್ಟ ಮಾನಸಗಂಗೋತ್ರಿಯ ಅಂಗಳದಲ್ಲಿ ಅದೀಗ ಜಾನಪದ ವಸ್ತುಸಂಗ್ರಹಾಲಯ. ಒಂದು ಕಾಲಕ್ಕೆ ಬೀಳುವ ಸ್ಥಿತಿಗೆ ಬಂದಿದ್ದ ಅದನ್ನು ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಮಾಡಿದರು. ಇನ್ನೊಬ್ಬ ಸಹೋದರಿ ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಮ್ಯಾನ್ಷನ್ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಾಯಿತು. ನಾವು ಸಿಎಫ್‌ಟಿಆರ್‌ಐ ಎನ್ನುವುದು ಅದನ್ನೇ. ಕಾರಂಜಿ ಮ್ಯಾನ್ಷನ್‌ನಲ್ಲಿ ಅಂಚೆ ಇಲಾಖೆಯ ತರಬೇತಿ ನಡೆಯುತ್ತದೆ. ವೈಸರಾಯ್ ಉಳಿದುಕೊಳ್ಳಲೆಂದು 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಜಗನ್ಮೋಹನ ಅರಮನೆ ಚಿತ್ರಶಾಲೆ. ಯಾವ ಮಹಲಿಗೆ ದಿನನಿತ್ಯದ ಕೆಲಸ ಸಿಕ್ಕಿತೋ ಅದರ ಸೂರು ಸೋರುವುದು ಯಾರದೋ ಕಣ್ಣಿಗೆ ಬೀಳುತ್ತದೆ, ಕಿಟಕಿ ದಿನವೂ ತೆರೆದುಕೊಳ್ಳುತ್ತದೆ. ಬೀಗ ಹಾಕಿಟ್ಟ ಬಂಗಲೆಗಳ ಗತಿ ಏನೆಂದು ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಚಿತ್ತರಂಜನ ಮಹಲಿಗೆ ಸಿಕ್ಕ ಮೊದಲ ಕೆಲಸ ಸಿನಿಮಾದ್ದು. ರಾಜಮನೆತನದಿಂದ ಅದು ಪ್ರೀಮಿಯರ್ ಸ್ಟುಡಿಯೊದವರ ಕೈಗೆ ಬಂತು. ಎಂ.ಎನ್. ಬಸವರಾಜಯ್ಯನವರ ಪ್ರೀಮಿಯರ್ ಸ್ಟುಡಿಯೊ ಅಂದರೆ ಕನ್ನಡ ಚಿತ್ರರಂಗದ ಒಂದು ದೊಡ್ಡ ಅಧ್ಯಾಯ. ನಮ್ಮ ಸಿನಿಮಾದ ಬೇರುಗಳು ಮದರಾಸಿನಲ್ಲಿದ್ದ ಕಾಲದಲ್ಲಿ, ಕರ್ನಾಟಕದ ನೆಲದಲ್ಲೇ ಚಿತ್ರ ತಯಾರಾಗಬೇಕು ಎಂದು ಹಟ ಹಿಡಿದವರ ಊರು ಮೈಸೂರು. ಡಿ. ಶಂಕರ್‌ಸಿಂಗ್ ಅವರ ಮಹಾತ್ಮ ಪಿಕ್ಚರ್ಸ್ ಇದ್ದದ್ದೂ ಇಲ್ಲೇ. ಪ್ರೀಮಿಯರ್‌ನ ಫ್ಲೋರುಗಳಲ್ಲಿ ಕನ್ನಡವಲ್ಲದೆ ಬೇರೆ ಭಾಷೆಗಳ ಚಿತ್ರಗಳೂ ತಯಾರಾದವು. ರಾಜಕುಮಾರಿಯರಿಗೆಂದು ಎದ್ದ ಮನೆಯ ಪಡಸಾಲೆ, ಮೆಟ್ಟಿಲುಗಳು ಬಣ್ಣದ ಲೋಕದವರ ಓಡಾಟ ಕಂಡದ್ದು ಹೀಗೆ.

ಸ್ಟುಡಿಯೊದ ಮಾತು ಬಂದಾಗ ಅಲ್ಲಿಯ ಬೆಂಕಿಯನ್ನು ಬಿಟ್ಟು ಮುಂದೆ ಹೋಗಲಾಗದು. 1989ರ ಫೆಬ್ರುವರಿ 8ರಂದು ಪ್ರೀಮಿಯರ್‌ನ ಫ್ಲೋರಿನಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಹೊತ್ತಿಕೊಂಡ ಬೆಂಕಿಯಲ್ಲಿ 62 ಮಂದಿ ಸತ್ತರು. ನಿರ್ದೇಶಕ, ನಟ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸರಿಯಾಗಿ ಬಿಗಿಯದ ವೈರಿಂಗು, ಗಾಳಿಗೆ ದಾರಿಯಿಲ್ಲದ ಕಟ್ಟಡ, ಗೋಡೆಗೆ ಹೊದಿಸಿದ್ದ ಗೋಣಿತಾಟು, ದೊಡ್ಡ ದೀಪಗಳ ಝಳ ಎಲ್ಲವೂ ಒಟ್ಟಿಗೆ ಸೇರಿದ್ದವು. ಸತ್ತವರಲ್ಲಿ ಹೆಚ್ಚಿನವರು ತೆರೆಯ ಮೇಲೆ ಹೆಸರು ಬರದ ಕೆಲಸಗಾರರು. ಶೆಡ್ಡುಗಳ ನಡುವೆ ಬದುಕುವ ನನಗೆ ಆ ಕಾರಣಗಳ ಪಟ್ಟಿಯನ್ನು ಓದುವಾಗ ವೈರು, ಗೋಣಿ, ಮುಚ್ಚಿದ ಬಾಗಿಲು ಯಾವುದೂ ದೂರದ ಮಾತು ಅನ್ನಿಸುವುದಿಲ್ಲ. ಸುಟ್ಟದ್ದು ಸ್ಟುಡಿಯೊದ ಫ್ಲೋರು, ಈ ಮಹಲಲ್ಲ. ಆದರೂ ಈ ಮನೆಯ ಚರಿತ್ರೆ ಬರೆಯುವವರು ಆ ದಿನವನ್ನು ಬಿಟ್ಟು ಬರೆಯಬಾರದು.

ಮೂರನೆಯ ಬದುಕು ಕೊಟ್ಟವರು ಲಂಡನ್ನಿನವರು. ದತ್ತಿ ಸಂಸ್ಥೆಗಳು ಸದಾ ಕೈಚಾಚುವ ಬದಲು ತಾವೇ ದುಡಿದು ಹಣ ಗಳಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡ ಹಿಲರಿ ಬ್ಲೂಮ್ 1979ರಲ್ಲಿ ಶುರುಮಾಡಿದ ಸಂಸ್ಥೆ ಚಾರಿಟೀಸ್ ಅಡ್ವೈಸರಿ ಟ್ರಸ್ಟ್. ಕ್ರಿಸ್‌ಮಸ್ ಕಾರ್ಡುಗಳನ್ನು ಮಾರಿ ಆ ಹಣವನ್ನು ದತ್ತಿ ಸಂಸ್ಥೆಗಳಿಗೆ ಮುಟ್ಟಿಸುವ ಕೆಲಸದಲ್ಲಿ ಅವರು ಹೆಸರಾದರು. 2008ರಲ್ಲಿ ಬ್ರಿಟನ್ ಅವರಿಗೆ ‘ಡೇಮ್’ ಗೌರವ ಕೊಟ್ಟಿತು. ಪ್ರವಾಸೋದ್ಯಮ ಊರಿಗೆ ಹೊರೆಯಾಗದೆ ನಡೆಯಬಲ್ಲದು ಎಂದು ತೋರಿಸಲು ಅವರ ಟ್ರಸ್ಟು ಆರಿಸಿಕೊಂಡದ್ದು ನಮ್ಮ ಚಿತ್ತರಂಜನ ಮಹಲನ್ನು. ಮಹಲನ್ನು ದುರಸ್ತಿ ಮಾಡಿ 1990ರ ದಶಕದಲ್ಲಿ ಹೋಟೆಲು ತೆರೆದರು. ಅದರ ಲಾಭವೆಲ್ಲ ಭಾರತದ ದತ್ತಿ ಕೆಲಸಗಳಿಗೆ, ಪರಿಸರದ ಯೋಜನೆಗಳಿಗೆ ಹೋಗಬೇಕು ಎಂಬುದು ಮೊದಲ ದಿನದ ಷರತ್ತು.

ಇಲ್ಲಿ ಎಸಿ ಇಲ್ಲ. ಕೋಣೆಯಲ್ಲಿ ಟಿ.ವಿ. ಇಲ್ಲ. ಸ್ನಾನಕ್ಕೆ ಸೂರ್ಯನ ಬಿಸಿಲಿನಲ್ಲಿ ಕಾದ ನೀರು. ಎಸಿ ಇಲ್ಲದಿದ್ದರೂ ನಡೆಯುವುದು ಮೈಸೂರಿನ ಹವೆಯಿಂದ, ಅದಕ್ಕಿಂತ ಹೆಚ್ಚಾಗಿ ಕಟ್ಟಿದವರ ಜಾಣತನದಿಂದ. ಎತ್ತರದ ಸೂರು ಬಿಸಿಗಾಳಿಗೆ ಮೇಲೆ ಜಾಗ ಕೊಡುತ್ತದೆ. ಜಗಲಿ ಬಿಸಿಲನ್ನು ಗೋಡೆಯಿಂದ ದೂರ ತಡೆಯುತ್ತದೆ. ಎದುರುಬದುರಿನ ಕಿಟಕಿಗಳನ್ನು ತೆರೆದಿಟ್ಟರೆ ಗಾಳಿ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಕರೆಂಟು ಬರುವ ಮುಂಚೆ ಮನೆ ಕಟ್ಟಿದವರಿಗೆಲ್ಲ ಗೊತ್ತಿದ್ದ ಲೆಕ್ಕ ಇದು. ನಮ್ಮ ನಗರದ ಬಾಡಿಗೆ ಮನೆಗಳ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆದುಕೊಳ್ಳುತ್ತದೆ. ಆ ಲೆಕ್ಕವನ್ನು ನಾವು ಎಲ್ಲಿ ಕಳೆದುಕೊಂಡೆವೆಂದು ಇಲ್ಲಿ ಕೂತಾಗ ಗೊತ್ತಾಗುತ್ತದೆ.

ಒಟ್ಟು 31 ಕೋಣೆಗಳು. ಹೆಚ್ಚಿನವು ತೋಟದ ಬದಿಗೆ ಆಮೇಲೆ ಕಟ್ಟಿದ ಸಾಲಿನಲ್ಲಿವೆ. ಅವು ಚೊಕ್ಕಟವಾಗಿವೆ, ದರವೂ ಹಗುರ. ಆದರೆ ಈ ಹೋಟೆಲಿನ ಜೀವ ಇರುವುದು ಮಹಲಿನೊಳಗಿನ ಕೆಲವೇ ಕೋಣೆಗಳಲ್ಲಿ. ಒಂದೊಂದಕ್ಕೂ ಒಂದೊಂದು ವೇಷ. ಸಿನಿಮಾದ ನೆನಪಿಗೆ ಮುಡಿಪಾದ ಬಾಲಿವುಡ್ ಕೋಣೆ ಅದರಲ್ಲೊಂದು. ಹಳೆಯ ಕಾಲದ ಪೀಠೋಪಕರಣ, ಕೈಮಗ್ಗದ ಬಟ್ಟೆ, ಕುಶಲಕರ್ಮಿಗಳ ಕೈಕೆಲಸ. ಒಂದು ಕೋಣೆಗೂ ಇನ್ನೊಂದಕ್ಕೂ ಹೋಲಿಕೆಯಿಲ್ಲ. ದೊಡ್ಡ ಹೋಟೆಲುಗಳಲ್ಲಿ ಒಂದೇ ಅಚ್ಚಿನ ಮುನ್ನೂರು ಕೋಣೆಗಳಿಗೆ ಒಗ್ಗಿಹೋದವರಿಗೆ ಮೊದಲು ಸ್ವಲ್ಪ ವಿಚಿತ್ರ ಅನ್ನಿಸೀತು. ನನಗೆ ಹಿಡಿಸಿದ್ದು ಆ ವಿಚಿತ್ರವೇ.

ನನ್ನ ಜೊತೆ ಭಾವಮೈದುನ ಬಂದಿದ್ದ. ಪೀಣ್ಯದ ಟೂಲ್‌ರೂಮಿನಲ್ಲಿ ಡೈ ಮಾಡುತ್ತಲೇ ತಲೆ ನರೆಯಿಸಿಕೊಂಡವನು. ಚಿತ್ರ, ಶಿಲ್ಪ ಎಂದರೆ ಮುಖ ತಿರುಗಿಸುತ್ತಿದ್ದವನು ಮಹಲಿನ ಹಳೆಯ ಬಾಗಿಲೊಂದರ ಮುಂದೆ ಮಂಡಿಯೂರಿ ಕೂತ. ಚೌಕಟ್ಟಿನ ನಿಲುವು ಮರಕ್ಕೆ ಅಡ್ಡ ಮರ ಕೂತಿರುವ ಮೂಲೆಯ ಮೇಲೆ ಉಗುರು ಎಳೆದ. ಉಗುರು ಎಲ್ಲೂ ತಡೆಯಲಿಲ್ಲ.

“ಭಾವ, ಇಲ್ಲಿ ಗ್ಯಾಪೇ ಇಲ್ಲ ನೋಡಿ. ನೂರು ಮಳೆಗಾಲ ಕಂಡ ಮರ ಇದು. ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿರುತ್ತೆ. ಆದ್ರೂ ಜಾಯಿಂಟು ಬಿಟ್ಟಿಲ್ಲ.”

“ಆಗ ವರ್ನಿಯರ್ ಎಲ್ಲಿತ್ತಪ್ಪ ಬಡಗಿ ಹತ್ರ?”

“ಕೈ ಇತ್ತಲ್ಲ ಭಾವ. ಮರ ಎಷ್ಟು ಕುಗ್ಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಜಾಗ ಬಿಟ್ಟವ್ನೆ. ನಾವು ಕಬ್ಬಿಣಕ್ಕೆ ಬಿಡಲ್ವಾ, ಹಂಗೇ.”

ಆ ಸಂಜೆ ಅವನು ಮತ್ತೆ ಮತ್ತೆ ಆ ಬಾಗಿಲ ಬಳಿಗೆ ಹೋದ. ಕಲಾ ವಿಮರ್ಶಕರು ಬರೆಯುವ ಮಾತಿಗಿಂತ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೆಲಸಕ್ಕೆ ತೋರುವ ಈ ಮರ್ಯಾದೆ ದೊಡ್ಡದು. ಹಳೆಯ ಮಹಲುಗಳನ್ನು ಉಳಿಸಿಕೊಳ್ಳಬೇಕಾದದ್ದು ಇದಕ್ಕಾಗಿಯೂ ಹೌದು. ಅವು ಕಸುಬಿನ ಪಠ್ಯಪುಸ್ತಕಗಳು. ಓದಬಲ್ಲವರು ನಮ್ಮ ಪೀಣ್ಯ, ರಾಜಗೋಪಾಲನಗರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇಂಥ ಮನೆಗಳನ್ನು ಅಲಂಕರಿಸಿದ ಕಸುಬುಗಳು ಮೈಸೂರಿನಲ್ಲಿ ಇನ್ನೂ ಉಸಿರಾಡುತ್ತಿವೆ. ಬೀಟೆ ಮರದ ಇನ್‌ಲೇ ಕೆಲಸವನ್ನೇ ನೋಡಿ. ಕಪ್ಪುಗೆಂಪು ಬೀಟೆಯ ಹಲಗೆಯ ಮೇಲೆ ಚಿತ್ರ ಬರೆದುಕೊಂಡು, ಅದೇ ಆಕಾರದ ಚೂರುಗಳನ್ನು ಬೇರೆ ಬೇರೆ ಬಣ್ಣದ ಮರಗಳಿಂದ ಸಣ್ಣ ಗರಗಸದಲ್ಲಿ ಕತ್ತರಿಸುತ್ತಾರೆ. ಹಳದಿ ಬೇಕಾದರೆ ಹಲಸು, ತಿಳಿ ಬಣ್ಣಕ್ಕೆ ಇನ್ನೊಂದು ಮರ. ಬಣ್ಣ ಬಳಿಯುವುದಿಲ್ಲ, ಮರದ ಮೈಬಣ್ಣವೇ ಚಿತ್ರ. ಹಲಗೆಯಲ್ಲಿ ಉಳಿಯಿಂದ ಅಷ್ಟೇ ಆಳದ ಗುಳಿ ತೋಡಿ, ಅಂಟು ಹಚ್ಚಿ, ಚೂರನ್ನು ಕೂರಿಸುತ್ತಾರೆ. ಆನೆಯ ಕಣ್ಣು, ಎಲೆಯ ನರದಂಥ ಸೂಕ್ಷ್ಮ ಗೆರೆಗಳನ್ನು ಮೊನೆಯಿಂದ ಕೊರೆದು ಕಪ್ಪು ತುಂಬಿ, ಕಡೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಮೊದಲು ಚೂರುಗಳ ಜಾಗದಲ್ಲಿ ಆನೆದಂತ ಇರುತ್ತಿತ್ತು. ಅಂಬಾವಿಲಾಸದ ಬೀಟೆ ಬಾಗಿಲ ಮೇಲೆ ಇಂದಿಗೂ ಆ ದಂತದ ಕುಸುರಿ ಇದೆ. ದಂತದ ವ್ಯಾಪಾರಕ್ಕೆ ನಿಷೇಧ ಬಿದ್ದ ಮೇಲೆ ಕಸುಬು ಸಾಯಲಿಲ್ಲ, ಮರದ ಕಡೆಗೆ ತಿರುಗಿಕೊಂಡಿತು. ಅದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ.

ಮತ್ತೆ ಹೋಟೆಲಿಗೆ ಬರೋಣ. ಅದರ ಆವರಣದಲ್ಲಿ ಮಾಲ್ಗುಡಿ ಹೆಸರಿನ ಕಾಫಿ ಕೆಫೆ ಇದೆ. ಆರ್.ಕೆ. ನಾರಾಯಣ್ ಬಾಳಿ ಬರೆದ, ಯಾದವಗಿರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿರುವ ಊರಿನಲ್ಲಿ ಆ ಹೆಸರಿಗೆ ಹಕ್ಕಿದೆ. ಕೆಫೆಯ ವಿಶೇಷ ಮಾತ್ರ ಹೆಸರಿನಲ್ಲಿಲ್ಲ. ಕಾಫಿ ಮಾಡುವವರು, ಕೇಕು ಬೇಯಿಸುವವರು, ಬಿಲ್ಲು ಬರೆಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅದರಲ್ಲೂ ದಲಿತ ಸಮುದಾಯದಿಂದ ಬಂದವರು. ಯಾರ ಕೈಯ ನೀರನ್ನು ಈ ಸಮಾಜ ತಲೆತಲಾಂತರ ಮುಟ್ಟಲಿಲ್ಲವೋ ಅವರ ಕೈಯ ಕಾಫಿಯನ್ನು, ಒಡೆಯರ ಕಾಲದ ಮಹಲಿನ ಅಂಗಳದಲ್ಲಿ ಕೂತು, ದುಡ್ಡು ಕೊಟ್ಟು ಕುಡಿಯುತ್ತೇವೆ. ಗೋಡೆಗೆ ಎಷ್ಟು ಚಿತ್ರ ತೂಗುಹಾಕಿದರೂ ಒಂದು ಹೋಟೆಲಿಗೆ ಇಷ್ಟು ಘನತೆ ಬರಲಾರದು. ಹೋಟೆಲಿನಲ್ಲೂ ಅಷ್ಟೇ, ಬೇರೆಡೆ ಕೆಲಸ ಸಿಗುವುದು ಕಷ್ಟವಾದವರನ್ನು ಮೊದಲು ನೋಡಿ ಸೇರಿಸಿಕೊಳ್ಳುವುದು ಇಲ್ಲಿಯ ರೂಢಿ. ಅಲಂಕಾರವನ್ನು ನೋಡಿ ಹೊಗಳುವವರು ಇದನ್ನು ಅಡಿಟಿಪ್ಪಣಿಯಂತೆ ಕಡೆಗೆ ಸೇರಿಸುತ್ತಾರೆ. ನಾನಾದರೆ ಇದನ್ನೇ ಮೊದಲು ಹೇಳುತ್ತೇನೆ.

ಅಲ್ಲಿ ಹೊತ್ತು ಹೋಗುವುದು ಹೇಗೆ ಎಂದು ಕೇಳುವವರಿದ್ದಾರೆ. ಓದಲು ಪುಸ್ತಕಗಳಿವೆ, ಚದುರಂಗದ ಹಾಸು ಇದೆ, ಹುಲ್ಲುಹಾಸಿದೆ. ಊಟವನ್ನು ತೋಟದಲ್ಲೇ ಮಾಡಬಹುದು. ಶಿಫ್ಟಿನ ಗಂಟೆಗೆ ಎದ್ದು ಶಿಫ್ಟಿನ ಗಂಟೆಗೆ ಮಲಗುವ ಮೈಗೆ ಮೊದಲ ಅರ್ಧ ದಿನ ಚಡಪಡಿಕೆಯಾಗುತ್ತದೆ. ಏನೋ ಮರೆತುಬಂದ ಹಾಗೆ ಕೈ ಮೊಬೈಲಿಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಅದು ತಾನೇ ಇಳಿಯುತ್ತದೆ. ನಡೆಯುವ ಮನಸ್ಸಾದರೆ ಮಾನಸಗಂಗೋತ್ರಿಯೂ ಕುಕ್ಕರಹಳ್ಳಿ ಕೆರೆಯೂ ಅದೇ ದಿಕ್ಕಿನಲ್ಲಿವೆ. ಜಯಲಕ್ಷ್ಮೀವಿಲಾಸದ ಜಾನಪದ ಸಂಗ್ರಹ ತೆರೆದಿದೆಯೇ ಎಂದು ವಿಚಾರಿಸಿ, ತೆರೆದಿದ್ದರೆ ತಪ್ಪಿಸಬೇಡಿ. ಪೇಟೆಯ ಕಡೆ ಹೋದರೆ ಜಗನ್ಮೋಹನದಲ್ಲಿ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವಿದೆ. ರವಿವರ್ಮನದೆಂದು ಎಷ್ಟೋ ಮಂದಿ ತಿಳಿದಿರುವ ಅದು ಜಲವರ್ಣದ್ದು. ಬೆರಳ ಸಂದಿಯಿಂದ ತೂರಿ ಬರುವ ಬೆಳಕನ್ನು ನೀರಿನ ಬಣ್ಣದಲ್ಲಿ ಹಿಡಿಯುವುದೆಂದರೆ ತಪ್ಪು ತಿದ್ದಲು ಎರಡನೆಯ ಅವಕಾಶವೇ ಇಲ್ಲದ ಕೆಲಸ.

ನಮ್ಮ ಕಡೆಯವರಿಗೆ ದಾರಿ ಸುಲಭ. ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ರೈಲು ನಿಲ್ದಾಣ ಪಕ್ಕದಲ್ಲೇ. ಮೈಸೂರಿಗೆ ದಿನವಿಡೀ ಗಾಡಿಗಳಿವೆ. ಅಲ್ಲಿ ಇಳಿದು ಆಟೊದವರಿಗೆ ಜಯಲಕ್ಷ್ಮೀಪುರದ ಗ್ರೀನ್ ಹೋಟೆಲ್ ಎಂದರೆ ಸಾಕು. ದಸರೆಯ ಹೊತ್ತು ಬೇಡ, ವಾರದ ನಡುವೆ ಹೋಗಿ. ಬುಕ್ ಮಾಡುವಾಗ ಮಹಲಿನೊಳಗಿನ ಕೋಣೆಯೇ ಬೇಕೆಂದು ಬಿಡಿಸಿ ಕೇಳಿ. ಸಿಗದಿದ್ದರೆ ತೋಟದ ಬದಿಯ ಕೋಣೆ ಹಿಡಿದು, ಹಗಲೆಲ್ಲ ಮಹಲಿನ ಜಗಲಿಯಲ್ಲಿ ಕಳೆಯಿರಿ. ರಾತ್ರಿ ಉಳಿಯುವಷ್ಟು ಖರ್ಚು ಬೇಡವೆನ್ನುವವರು ಮಾಲ್ಗುಡಿಯಲ್ಲಿ ಒಂದು ಕಾಫಿ ಕುಡಿದಾದರೂ ಬನ್ನಿ. ಆ ದುಡ್ಡೂ ಒಳ್ಳೆಯ ಕಡೆಗೇ ಹೋಗುತ್ತದೆ.

ನನ್ನದೊಂದು ಕೋರಿಕೆ ಉಳಿದಿದೆ. ಈ ಮಹಲು ಕನ್ನಡ ಸಿನಿಮಾದವರು ಓಡಾಡಿದ ಮನೆ. ಹಾಗಿರುವಾಗ ಸಿನಿಮಾದ ಹೆಸರಿನ ಕೋಣೆ ಬಾಲಿವುಡ್ಡಿನದಷ್ಟೇ ಆಗಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಪ್ರೀಮಿಯರ್‌ನ ಹೆಸರಿನಲ್ಲಿ ಇಲ್ಲೊಂದು ಕನ್ನಡ ಕೋಣೆ ಆಗಬೇಕು. ಮೈಸೂರಿನಲ್ಲಿ ತಯಾರಾದ ಚಿತ್ರಗಳ ಪೋಸ್ಟರುಗಳು, ಲಾಬಿ ಕಾರ್ಡುಗಳು, ಸೆಟ್ಟಿನ ನಕ್ಷೆಗಳು ಮನೆಮನೆಯ ಅಟ್ಟದ ಮೇಲೆ, ಹಳೆ ಪೇಪರಿನ ಅಂಗಡಿಯಲ್ಲಿ ಗೆದ್ದಲು ಹಿಡಿಯುವ ಬದಲು ಅಲ್ಲಿಗೆ ಬರಲಿ. ಬಡಗಿ, ದೀಪದವನು, ಮೇಕಪ್ಪಿನವನು, ಬೆಂಕಿಯಲ್ಲಿ ಹೋದ 62 ಮಂದಿ ಎಲ್ಲರ ಹೆಸರೂ ಒಂದು ಗೋಡೆಯ ಮೇಲಿರಲಿ. ಅದಕ್ಕೆ ಬೇಕಾದ ಚೌಕಟ್ಟುಗಳನ್ನು ಮಾಡಿಕೊಡಲು ನನ್ನ ಭಾವಮೈದುನ ಈಗಾಗಲೇ ಅಳತೆ ಹಿಡಿದಿದ್ದಾನೆ.